ಕುಂಬಳೆ ಕಡೆ 5 ಸೆಂಟ್ಸ್, ಸಂಬಳ 30 ಸಾವಿರ: ಮನೆ ಆಗದ್ದು ದುಡಿಯದ್ದಕ್ಕಾ?

ಕಣಿಪುರ ಬಡಗು:

ಮದುವೆ ಚಪ್ಪರದಲ್ಲಿ ಕೂತರೂ ಬಸ್ಸಿನಲ್ಲಿ ಕೂತರೂ ಈಗ ಒಂದೇ ಚರ್ಚೆ. ಹಿಂದಿನವರು ಬೀಡಿ ಕಟ್ಟಿ, ತೋಟದ ಕೂಲಿ ಮಾಡಿ ಮನೆ ಎಬ್ಬಿಸಿದರು. ಈಗಿನವರು ಡಿಗ್ರಿ ಮುಗಿಸಿ ದಿನಾ ರೈಲು ಹತ್ತಿ ಮಂಗಳೂರಿಗೆ ಹೋಗಿ ಬಂದರೂ ಮೂವತ್ತೈದು ದಾಟುವ ತನಕ ಸ್ವಂತ ಸೂರಿಲ್ಲ. ‘ಮೈ ಬಗ್ಗಿಸುವವರಿಲ್ಲ, ಅದಕ್ಕೇ’ ಎಂದು ಹಿರಿಯರು ಹೇಳುತ್ತಾರೆ. ‘ಸೆಂಟ್ಸಿನ ಕ್ರಯ ಕೇಳಿ ಮಾತಾಡಿ’ ಎಂದು ಕಿರಿಯರು ಹೇಳುತ್ತಾರೆ. ಎರಡೂ ಕಡೆಯವರು ತಮ್ಮ ಮಾತಿಗೇ ಅಂಟಿ ಕೂತರೆ ಮನೆ ಏಳುವುದಿಲ್ಲ. ಲೆಕ್ಕ ಗೊತ್ತಿರುವವರು ಹೇಳಿ.

ಒಂದು ಉದಾಹರಣೆ ಇಟ್ಟುಕೊಳ್ಳುವ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ, ಹೈವೇಯಿಂದ ಸ್ವಲ್ಪ ಒಳಗೆ. 30 ವರ್ಷ ಪ್ರಾಯ, ಕೈಗೆ ಬರುವ ಸಂಬಳ 30,000 ರೂ. 5 ಸೆಂಟ್ಸ್ ಜಾಗ (ನೂರು ಸೆಂಟ್ಸ್ ಎಂದರೆ ಒಂದು ಎಕರೆ), ಸೆಂಟ್ಸಿಗೆ 2.5 ಲಕ್ಷ ಎಂದು ಹಿಡಿಯಿರಿ. 900 ಚದರಡಿಯ ಮನೆ, ಚದರಡಿಗೆ 2,300 ರೂ. ಬಾವಿ, ಸೆಪ್ಟಿಕ್ ಟ್ಯಾಂಕ್, ಕರೆಂಟು, ಆವರಣಕ್ಕೆಲ್ಲ ಸೇರಿ ಇನ್ನೊಂದು 3 ಲಕ್ಷ. ಇದು ಆಗುವ ಮಾತಾ? ಆಗದಿದ್ದರೆ ಎಲ್ಲಿ ತುಂಡಾಗುತ್ತದೆ? ಹಿಂದಿನವರಿಗೆ ಹೇಗೆ ಆಯಿತು?

ಪಯಸ್ವಿನಿ:

ಮೊದಲು ನಿಮ್ಮ ಲೆಕ್ಕ ಕೂಡಿಸುವ. ಜಾಗ 12.5 ಲಕ್ಷ. ಕೇರಳದಲ್ಲಿ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶೇ. 2, ಅಲ್ಲಿಗೆ 1.25 ಲಕ್ಷ. ಮನೆ 20.7 ಲಕ್ಷ, ಉಳಿದದ್ದು 3 ಲಕ್ಷ. ಒಟ್ಟು 37.45 ಲಕ್ಷ. ಇದರಲ್ಲಿ 13.75 ಲಕ್ಷ ಜಾಗವೊಂದೇ ನುಂಗುತ್ತದೆ, ಇನ್ನೂ ಒಂದು ಕಲ್ಲು ಇಟ್ಟಿರುವುದಿಲ್ಲ.

ಎರಡು ತಲೆಮಾರನ್ನು ಹೋಲಿಸಬೇಕಾದರೆ ರೂಪಾಯಿಯಲ್ಲಿ ಹೋಲಿಸಬೇಡಿ, ದುಡಿದ ದಿನಗಳಲ್ಲಿ ಹೋಲಿಸಿ. ರಿಸರ್ವ್ ಬ್ಯಾಂಕಿನ ಕೈಪಿಡಿಯಲ್ಲಿ 2022-23ಕ್ಕೆ ಕೇರಳದ ಹಳ್ಳಿಗಳ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 852.5 ರೂ. ಎಂದುಂಟು. ದೇಶದ ಸರಾಸರಿ 393.3 ರೂ. ಅಂದರೆ ಕೂಲಿಯಲ್ಲಿ ನಾವು ದೇಶಕ್ಕೇ ಮುಂದೆ. ಹಾಗಿದ್ದೂ 2.5 ಲಕ್ಷದ ಒಂದು ಸೆಂಟ್ಸಿಗೆ 850ರ ಲೆಕ್ಕದಲ್ಲಿ 294 ದಿನದ ಕೂಲಿ ಬೇಕು. ತಿಂಗಳಿಗೆ 25 ದಿನ ಕೆಲಸ ಸಿಕ್ಕಿ, ಬಂದದ್ದರಲ್ಲಿ ಒಂದು ರೂಪಾಯಿಯನ್ನೂ ಉಣ್ಣಲು ಉಡಲು ಮುಟ್ಟದಿದ್ದರೆ ಹತ್ತಿರ ಹತ್ತಿರ ಒಂದು ವರ್ಷ. ಹತ್ತು ಸೆಂಟ್ಸಿಗೆ ಹತ್ತು ವರ್ಷ.

ಹತ್ತು ಸೆಂಟ್ಸ್ ಎಂದು ಸುಮ್ಮನೆ ಹೇಳಿದ್ದಲ್ಲ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಪೂರ್ತಿಯಾಗಿ ಜಾರಿಗೆ ಬಂದಾಗ ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಕುಡಿಕಿಡಪ್ಪು ಹಕ್ಕಿನಲ್ಲಿ ಸಿಕ್ಕಿದ್ದು ಅಷ್ಟೇ: ಪಂಚಾಯತಿನಲ್ಲಿ 10 ಸೆಂಟ್ಸ್, ಮುನಿಸಿಪಾಲಿಟಿಯಲ್ಲಿ 5, ನಗರದಲ್ಲಿ 3. ಅದಕ್ಕೆ ಕೊಡಬೇಕಾಗಿದ್ದದ್ದು ಮಾರುಕಟ್ಟೆ ಕ್ರಯದ ಒಂದು ಪಾಲು ಮಾತ್ರ, ಅದೂ ಕಂತಿನಲ್ಲಿ. ಚಾಲಗೇಣಿಯಲ್ಲಿ, ಅಂದರೆ ಧಣಿಗೆ ಗೇಣಿ ಕೊಟ್ಟು, ಉಳುತ್ತಿದ್ದವರಿಗೆ ಆ ಜಾಗಕ್ಕೇ ಪಟ್ಟೆ ಆಯಿತು. 1972ರಲ್ಲಿ ಅಚ್ಯುತ ಮೇನೋನ್ ಸರಕಾರದ ಲಕ್ಷಂ ವೀಡು (ಲಕ್ಷ ಮನೆ) ಯೋಜನೆ ಬಂತು. ಇವೆಲ್ಲ ಹೋರಾಡಿ ಪಡೆದ ಹಕ್ಕುಗಳು, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆಯುವಾಗ ಆ ಹತ್ತು ವರ್ಷದ ಕೂಲಿ ಹಿಂದಿನವರ ಖರ್ಚಿನ ಕಡೆಗೆ ಬರಲಿಲ್ಲ, ಇಂದಿನವರ ಖರ್ಚಿನ ಕಡೆಗೆ ಬರುತ್ತದೆ. ವ್ಯತ್ಯಾಸದ ದೊಡ್ಡ ಪಾಲು ಇದೊಂದೇ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಅಜ್ಜನ ಹಳೆಯ ಆಧಾರ (ಕ್ರಯಪತ್ರ) ತೆಗೆದು ‘ಇಡೀ ಹಿತ್ತಿಲಿಗೆ ಇಷ್ಟೇ ಸಾವಿರ’ ಎಂದು ತೋರಿಸುತ್ತಾರೆ. ಆಧಾರದಲ್ಲಿ ಬರೆದ ಕ್ರಯ ಕೈಬದಲಾದ ಹಣವಲ್ಲ. ಮುದ್ರಾಂಕದ ಖರ್ಚು ಉಳಿಸಲು ಕಡಿಮೆ ಬರೆಯುವುದು ರೂಢಿಯಾಗಿತ್ತು. ಸರಕಾರ ಜಾಗಕ್ಕೆ ನ್ಯಾಯಬೆಲೆ ಗೊತ್ತುಮಾಡಿದ್ದು 2010ರಲ್ಲಿ. ಅದಕ್ಕಿಂತ ಹಿಂದಿನ ಆಧಾರದ ಅಂಕಿಯನ್ನು ಇವತ್ತಿನ ಮಾರುಕಟ್ಟೆ ಕ್ರಯದ ಪಕ್ಕ ಇಟ್ಟರೆ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಿರಿಯರ ವಾದದಲ್ಲಿ ಸಡಿಲ ಇರುವುದು ಇಲ್ಲಿ.

ಉದ್ಯೋಗದ ಬಗ್ಗೆಯೂ ಒಂದು ಮಾತು. ಹಿಂದೆ ಮೇಷ್ಟ್ರು, ಗುಮಾಸ್ತರಾಗಿದ್ದವರು ಕೂಡಿಟ್ಟದ್ದನ್ನೆಲ್ಲ ಮನೆಗೆ ಸುರಿಯಬಹುದಿತ್ತು, ಏಕೆಂದರೆ ಮುಪ್ಪಿಗೆ ಪಿಂಚಣಿ ಇತ್ತು. ಕೇರಳ ಸರಕಾರದ ಕೆಲಸಕ್ಕೆ 2013ರ ಏಪ್ರಿಲ್ 1ರಿಂದ ಸೇರಿದವರಿಗೆ ಆ ಹಳೆಯ ಪಿಂಚಣಿ ಇಲ್ಲ, ಸಂಬಳದಿಂದಲೇ ಶೇ. 10 ಕಡಿತವಾಗುತ್ತದೆ. ಖಾಸಗಿಯವರ ಪಾಡು ಹೇಳುವುದೇ ಬೇಡ. ಮನೆಗೂ ಮುಪ್ಪಿಗೂ ಒಂದೇ ಸಂಬಳದಲ್ಲಿ ಒಟ್ಟಿಗೇ ತೆಗೆದಿಡಬೇಕು.

ಕಂತು ಲೆಕ್ಕ:

ಸಾಲದ ಭಾಗ ನಾನು ಬರೆಯುತ್ತೇನೆ. ಶೇ. 8.5 ಬಡ್ಡಿ, 20 ವರ್ಷ ಎಂದರೆ ಲಕ್ಷಕ್ಕೆ ತಿಂಗಳ ಕಂತು 868 ರೂ. 30,000 ಸಂಬಳದಲ್ಲಿ ಕಂತಿಗೆ ಶೇ. 45 ಬಿಟ್ಟರೆ 13,500. ಅದಕ್ಕೆ ಸಿಗುವ ಸಾಲ ಸುಮಾರು 15.5 ಲಕ್ಷ. ನಿಮ್ಮ 37.45 ಲಕ್ಷಕ್ಕೆ ಸುಮಾರು 22 ಲಕ್ಷ ಕೈಯಿಂದ ಹಾಕಬೇಕು. ಆಗುವುದಿಲ್ಲ. ಜಾಗ ಮನೆಯವರಿಂದ ಬಂದರೆ ಖರ್ಚು 23.7 ಲಕ್ಷಕ್ಕೆ ಇಳಿದು, ಕೈಯಿಂದ ಬೇಕಾದದ್ದು 8 ಲಕ್ಷದ ಆಸುಪಾಸು. ಗಂಡ ಹೆಂಡತಿ ಒಟ್ಟಿಗೆ ಸಾಲ ತೆಗೆದು, ಇನ್ನೊಬ್ಬರದ್ದು 15,000 ಸಂಬಳ ಸೇರಿದರೆ ಕಂತಿನ ಶಕ್ತಿ 20,250ಕ್ಕೆ ಏರುತ್ತದೆ, ಸಾಲ 23 ಲಕ್ಷದ ತನಕ ಬರುತ್ತದೆ. ಆದರೆ 30 ಲಕ್ಷದೊಳಗಿನ ಸಾಲಕ್ಕೆ ಬ್ಯಾಂಕು ಕೊಡುವುದು ಮೌಲ್ಯದ ಶೇ. 90ರ ತನಕ ಮಾತ್ರ. ಹಾಗಾಗಿ ಎರಡೂವರೆ ಲಕ್ಷವಾದರೂ ಕೈಯಲ್ಲಿರಲೇಬೇಕು. ಮುದ್ರಾಂಕ, ನೋಂದಣಿ ಖರ್ಚು ಸಾಮಾನ್ಯವಾಗಿ ಆ ಮೌಲ್ಯದಲ್ಲಿ ಸೇರುವುದಿಲ್ಲ. ತುಂಬ ಜನ ಸಿಕ್ಕಿಬೀಳುವುದು ಇಲ್ಲೇ: ಅಡ್ವಾನ್ಸು ಕೊಟ್ಟಾಗಿರುತ್ತದೆ, ನೋಂದಣಿಯ ದಿನ ಲಕ್ಷ ಸಾಲುವುದಿಲ್ಲ.

ಕಾರಿನ ಸಾಲ ಇದ್ದರೆ ಮೊದಲು ಅದನ್ನು ನೋಡಿ. 8,000 ರೂ. ಕಾರು ಕಂತು ಎಂದರೆ ಮನೆಸಾಲದಲ್ಲಿ 9.2 ಲಕ್ಷ ಕಡಿಮೆ. ಫೋನಿನ ಕಂತು ಚಿಕ್ಕದೆಂದು ಕಾಣುತ್ತದೆ, ಆದರೆ ಒಂದು ಕಂತು ತಪ್ಪಿದರೂ ಬ್ಯಾಂಕು ಸಾಲ ಕೊಡುವ ಮೊದಲು ನೋಡುವ ಸಿಬಿಲ್ ವರದಿಯಲ್ಲಿ ಉಳಿಯುತ್ತದೆ.

ಹಿಂದಿನವರು ಸಾಲಕ್ಕೆ ಹೆದರಿದ್ದು ದಡ್ಡತನ ಅಲ್ಲ. ಶೇ. 15 ಬಡ್ಡಿ, 15 ವರ್ಷ ಎಂದರೆ ಒಂದು ಲಕ್ಷಕ್ಕೆ ಕಟ್ಟಬೇಕಾದದ್ದು ಎರಡೂವರೆ ಲಕ್ಷ. ತೊಂಬತ್ತರ ದಶಕದಲ್ಲಿ ಬಡ್ಡಿ ಆ ಮಟ್ಟದಲ್ಲೇ ಇತ್ತು. ಇವತ್ತಿನ ಅಪಾಯ ಬೇರೆ ರೀತಿಯದು. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಮನೆಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಗೆ), ಕಟ್ಟಿಕೊಂಡಿವೆ. ರೆಪೊ 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಶೇ. 4ರಿಂದ 6.5ಕ್ಕೆ ಏರಿತು. ಅದರ ಪೆಟ್ಟು ಹೇಗೆ ಬೀಳುತ್ತದೆ ಎಂದು ನೋಡಿ. 25 ಲಕ್ಷ ಸಾಲ, ಶೇ. 6.75, 20 ವರ್ಷ: ಕಂತು 19,009 ರೂ. ಎರಡು ವರ್ಷ ಸರಿಯಾಗಿ ಕಟ್ಟಿದ ಮೇಲೆ ಬಾಕಿ 23.73 ಲಕ್ಷ. ಈಗ ಬಡ್ಡಿ 9.25 ಆಯಿತೆಂದರೆ ಆ ತಿಂಗಳ ಬಡ್ಡಿಯೇ 18,294. ಅಸಲಿಗೆ ಹೋಗುವುದು 715 ರೂ. ಮಾತ್ರ! ಕಂತು ಹಾಗೆಯೇ ಇಟ್ಟರೆ ಉಳಿದ 18 ವರ್ಷ ಹೋಗಿ 35 ವರ್ಷಕ್ಕೂ ಮೇಲೆ ಆಗುತ್ತದೆ. 18 ವರ್ಷವನ್ನೇ ಉಳಿಸಿಕೊಳ್ಳಬೇಕಾದರೆ ಕಂತು 22,600ರ ಹತ್ತಿರ ಬರಬೇಕು.

ಬಡ್ಡಿ ಏರಿದಾಗ ಬ್ಯಾಂಕು ಮೊದಲು ಮಾಡುವುದು ಅವಧಿ ಎಳೆಯುವ ಕೆಲಸ, ಕಂತು ಬದಲಾಗದ ಕಾರಣ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕಂತು ಏರಿಸುವುದಾ, ಅವಧಿ ಹೆಚ್ಚಿಸುವುದಾ ಎಂದು ಆರಿಸುವ ಅವಕಾಶ ಸಾಲಗಾರರಿಗೆ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. ಬರಹದಲ್ಲಿ ಕೇಳಿ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ, ಬೋನಸ್ ಬಂದಾಗ ಹತ್ತು ಸಾವಿರವಾದರೂ ಅಸಲಿಗೆ ಹಾಕಿ. ಆದ್ದರಿಂದ ಶೇ. 45 ಎಂದು ನಾನು ಹಿಡಿದದ್ದು ಬ್ಯಾಂಕಿನ ಮಿತಿಗೆ. ಮನೆಯ ಮಟ್ಟಿಗೆ ಶೇ. 35ರಲ್ಲಿ ನಿಂತರೆ ಬಡ್ಡಿ ಏರಿದಾಗ ಉಸಿರಾಡಲು ಜಾಗ ಇರುತ್ತದೆ.

ಬೇಳ ಹಳಬ:

ಲೆಕ್ಕ ಸರಿಯಾಗಿಯೇ ಉಂಟು. ಆದರೆ ಹಿಂದೆ ಯಾರೂ 900 ಚದರಡಿ ಒಂದೇ ಸಲ ಕಟ್ಟಲಿಲ್ಲ ಎಂಬುದನ್ನೂ ಸೇರಿಸಿ. ಮೊದಲು ಮಣ್ಣಿನ ಗೋಡೆ, ಮೇಲೆ ಮುಳಿಹುಲ್ಲು ಅಥವಾ ಮಡಲು. ಕೆಲವು ವರ್ಷದ ಮೇಲೆ ಪಕ್ಕಾಸು, ರೀಪು (ಮಾಡಿನ ಮರದ ತೊಲೆ, ಪಟ್ಟಿ) ಹೊಡೆದು ಹಂಚು. ಸಾರಣೆ ಇನ್ನೂ ಆಮೇಲೆ. ಸೆಗಣಿ ಸಾರಿಸಿದ ನೆಲ ಸಿಮೆಂಟಿಗೆ ಬರುವಾಗ ಮಕ್ಕಳು ಹೈಸ್ಕೂಲಿಗೆ ಬಂದಿರುತ್ತಿದ್ದರು. ಮಣ್ಣು ಹೊರಲು, ಮಾಡು ಹೊದೆಸಲು ಮುಯ್ಯಾಳು ಇತ್ತು: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಆ ದುಡಿಮೆಗೆ ರೂಪಾಯಿ ಲೆಕ್ಕವಿಲ್ಲ, ಹಾಗಾಗಿ ಮನೆ ಅಗ್ಗದಲ್ಲಿ ಆಯಿತೆಂದು ಈಗ ಕಾಣುತ್ತದೆ.

ಬೀಡಿಯ ಮಾತು ಬಂದ ಕಾರಣ ಹೇಳುತ್ತೇನೆ, ಅದು ಹೆಚ್ಚಿನ ಮನೆಗಳಲ್ಲಿ ಹೆಂಗಸರ ದುಡಿಮೆ. ಎಲೆ ನೆನೆಸಿ, ನೀರು ಬಸಿದು, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುತ್ತಿ, ನೂಲು ಕಟ್ಟಿ, ತಲೆ ಮಡಚಿ, ಕಟ್ಟು ಮಾಡಿ ಬೀಡಿ ಕಂಪೆನಿಯ ಬ್ರ್ಯಾಂಚಿಗೆ ಕೊಡಬೇಕು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಎಲೆ ಹಾಳಿದ್ದರೆ, ಬೀಡಿ ಸಡಿಲವಿದ್ದರೆ ತಿರಸ್ಕಾರ, ಆ ನಷ್ಟ ಕಟ್ಟಿದವರ ತಲೆಗೆ. ಅಡಿಗೆ, ದನ, ಮಕ್ಕಳು ಎಲ್ಲ ಮುಗಿಸಿ ಚಿಮಿಣಿಯ ಬೆಳಕಿನಲ್ಲಿ ಕಟ್ಟಿದ ಬೀಡಿಯಿಂದ ಚಿಟ್ಟಿ ಕಟ್ಟಿ, ಆ ಚಿಟ್ಟಿ ಎತ್ತಿದ ಹಣದಿಂದ ಹಂಚು ಬಂತು. ‘ಅಪ್ಪ ಕಟ್ಟಿದ ಮನೆ’ ಎಂದು ಹೇಳುವಾಗ ಈ ಪಾಲು ಬಿಟ್ಟುಹೋಗುತ್ತದೆ, ಹಿರಿಯರಿಂದಲೂ ಕಿರಿಯರಿಂದಲೂ.

ಬೆಳಗ್ಗೆ ಏಳರ ರೈಲಿಗೆ ಹೋಗಿ ರಾತ್ರಿ ಎಂಟಕ್ಕೆ ಇಳಿಯುವ ಹುಡುಗ, ಹುಡುಗಿಯನ್ನು ಸೋಮಾರಿ ಎನ್ನುವುದು ಅನ್ಯಾಯ. ಅವರಿಗೆ ದುಡಿಮೆ ಕಡಿಮೆಯಾಗಲಿಲ್ಲ, ಮನೆಯ ಕೆಲಸಕ್ಕೆ ಕೈಹಾಕುವ ಹೊತ್ತು ಇಲ್ಲದಾಯಿತು. ಆದರೆ ಗೃಹಪ್ರವೇಶದ ದಿನವೇ ಟೈಲ್ಸು, ಸೀಲಿಂಗು, ಮಾಡ್ಯುಲರ್ ಕಿಚನ್ ಎಲ್ಲ ಮುಗಿದಿರಬೇಕೆಂಬ ಹಟ ಒಂದನ್ನು ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಮುರಕಲ್ಲು:

ಹಳಬರು ಹೇಳಿದ ಹಂತದ ಮನೆ ಇವತ್ತೂ ಆಗುತ್ತದೆ, ಆದರೆ ಪ್ಲ್ಯಾನ್ ಮಾಡಿದರೆ ಮಾತ್ರ. ಕಣಿಪುರದವರೆ, ಮೊದಲು 900 ಎಂಬುದನ್ನು 860 ಚದರಡಿಗೆ ಇಳಿಸಿ. 80 ಚದರ ಮೀಟರಿನೊಳಗೆ ಬಂದರೆ ಮನೆ ಕಟ್ಟುವ ಪರ್ಮಿಟ್ಟಿಗೆ ಶುಲ್ಕ ಇಲ್ಲ. 2024ರ ಆಗಸ್ಟಿನಿಂದ ಹಾಗೆ ಉಂಟು. 900 ಎಂದರೆ 83.6 ಚದರ ಮೀಟರ್, ಸುಮ್ಮನೆ ಗೆರೆ ದಾಟಿದ ಹಾಗೆ. ಆಮೇಲೆ ಪೂರ್ತಿ ಮನೆಗೆ ಪರ್ಮಿಟ್ ತೆಗೆದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 450 ಚದರಡಿ ಮೊದಲು ಕಟ್ಟಿ: ಹಾಲ್, ಒಂದು ಕೋಣೆ, ಅಡಿಗೆಮನೆ, ಬಾತ್‌ರೂಮ್. ಪರ್ಮಿಟ್ಟಿಗೆ 5 ವರ್ಷ ಅವಧಿ ಉಂಟು, ನವೀಕರಣಕ್ಕೂ ಅವಕಾಶ ಉಂಟು. ಸಣ್ಣ ಮನೆಗೆ ಚದರಡಿ ದರ ಏರುತ್ತದೆ, ಅಡಿಗೆಮನೆ ಬಾತ್‌ರೂಮಿನ ಪೈಪು ಟೈಲ್ಸೆಲ್ಲ ಸ್ವಲ್ಪ ಜಾಗದಲ್ಲೇ ಬರುವ ಕಾರಣ. 2,600 ಹಿಡಿಯಿರಿ: 11.7 ಲಕ್ಷ, ಮೇಲೆ 3 ಲಕ್ಷ, ಒಟ್ಟು 14.7. ಜಾಗ ಮನೆಯವರದ್ದಾಗಿ, ಶೇ. 10 ಕೈಯಿಂದ ಹಾಕಿದರೆ, ಉಳಿದದ್ದು ಒಬ್ಬರ ಸಂಬಳದ ಸಾಲದೊಳಗೆ ಬರುತ್ತದೆ. ಬ್ಯಾಂಕಿಗೆ ಎಸ್ಟಿಮೇಟು ಕೊಡುವಾಗ ಮೊದಲ ಹಂತವೇ ವಾಸಕ್ಕೆ ಆಗುವ ಮನೆ ಎಂದು ಇರಬೇಕು, ಇಲ್ಲವಾದರೆ ಕೊನೆಯ ಕಂತು ಬಿಡುಗಡೆ ಮಾಡುವುದಿಲ್ಲ.

ಹಂತದ ಮನೆ ಕೆಡುವುದು ಸೇರುವ ಗೆರೆಯಲ್ಲಿ. ಮೊದಲ ಅರ್ಧದ ಪಂಚಾಂಗ (ಅಡಿಪಾಯ) ಕೂತು ಗಟ್ಟಿಯಾದ ಮೇಲೆ ಪಕ್ಕದಲ್ಲಿ ಹೊಸ ಪಂಚಾಂಗ ಹಾಕಿದರೆ ಹೊಸದು ಮಾತ್ರ ಕುಸಿದು, ಸೇರಿದಲ್ಲಿ ಮೇಲಿನಿಂದ ಕೆಳಗೆ ಬಿರುಕು ಬರುತ್ತದೆ. ಅದಕ್ಕೆ ಪಂಚಾಂಗ, ಅದರ ಮೇಲಿನ ಕಾಂಕ್ರೀಟಿನ ಬೆಲ್ಟು ಎರಡನ್ನೂ ಪೂರ್ತಿ ಮನೆಗೆ ಒಂದೇ ಸಲ ಹಾಕಿ. ಖರ್ಚು ಸ್ವಲ್ಪ ಮುಂಚಿತವಾಗಿ ಬರುತ್ತದೆ, ಆದರೆ ಮುಂದೆ ಉಳಿಯುತ್ತದೆ. ಗೋಡೆಯಲ್ಲಿ ಒಂದು ವರಸೆ ಬಿಟ್ಟು ಒಂದು ವರಸೆಗೆ ಹಲ್ಲು ಬಿಡಿ, ಅಂದರೆ ಮುಂದಿನ ಗೋಡೆ ಕಚ್ಚಿಕೊಳ್ಳುವ ಹಾಗೆ ಕಲ್ಲು ಹೊರಚಾಚಿ ಇರಲಿ. ಸ್ಲ್ಯಾಬಿನಿಂದ ಮುಂದಿನ ಹಂತಕ್ಕೆ ಬಿಡುವ ಕಬ್ಬಿಣ 10 ಎಂಎಂ ಆದರೆ ಅರ್ಧ ಮೀಟರಾದರೂ ಹೊರಗೆ ಇರಬೇಕು. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ, ಆದ ಕಾರಣ ಸಿಮೆಂಟಿನ ಹಾಲು ಬಳಿದು ತೆಳುವಾದ ಕಾಂಕ್ರೀಟಿನಿಂದ ಮುಚ್ಚಿ. ಮುಂದೆ ಕುಟ್ಟಿ ತೆಗೆಯಲು ಸುಲಭ.

ಕಲ್ಲಿನ ಲೆಕ್ಕ ಮೇಸ್ತ್ರಿ ಬಾಯಲ್ಲಿ ಹೇಳಿದ್ದಕ್ಕೆ ಬಿಡಬೇಡಿ. ಕೋರೆಯಿಂದ ಕೋರೆಗೆ ಕೆಂಪುಕಲ್ಲಿನ ಅಳತೆ ಬೇರೆ. ಗೋಡೆಯಲ್ಲಿ ಕಾಣುವ ಉದ್ದ, ಎತ್ತರ ಇಂಚಿನಲ್ಲಿ ಅಳೆದು, ಎರಡಕ್ಕೂ ಅರ್ಧ ಇಂಚು ಗಾರೆ ಸೇರಿಸಿ ಗುಣಿಸಿ. 144ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಚದರಡಿಗೆ ಎಷ್ಟು ಕಲ್ಲು ಎಂದು ಸಿಗುತ್ತದೆ. 14ಕ್ಕೆ 7 ಇಂಚಿನ ಕಲ್ಲಾದರೆ 1.32. ಬಾಗಿಲು ಕಿಟಕಿ ಕಳೆದು 850 ಚದರಡಿ ಗೋಡೆಗೆ 1,122. ಒಡೆಯುವುದು, ತುಂಡು ಮಾಡುವುದು ಸೇರಿ 1,200 ತರಿಸಿದರೆ ಸಾಕು. ಆಗಷ್ಟೇ ಕಡಿದ ಕಲ್ಲು ಮೆದು, ಗಾಳಿಗೆ ಬಿದ್ದಷ್ಟು ಗಟ್ಟಿಯಾಗುತ್ತದೆ. ಬಿಳಿ ಮಣ್ಣಿನ ಕಣ್ಣು ತುಂಬ ಇರುವ ಕಲ್ಲನ್ನು ಇಳಿಸುವಾಗಲೇ ಬದಿಗಿಡಿ, ಗೋಡೆಗೆ ಹೋದ ಮೇಲೆ ಮಳೆಗೆ ಪುಡಿಯಾಗುವುದು ಅದೇ. ಮಾಡು ಎರಡಡಿಗೂ ಹೆಚ್ಚು ಹೊರಚಾಚಿದ್ದರೆ ಹೊರಗೋಡೆಗೆ ಸಾರಣೆ ಬೇಡ, ಸಂದಿಗೆ ಪಾಯಿಂಟಿಂಗ್ ಸಾಕು. ಸಣ್ಣ ಮನೆಯಲ್ಲಿ ನಿಜವಾಗಿ ಹಣ ಉಳಿಯುವುದು ಅಲ್ಲಿ, ಸಿಮೆಂಟು ಕಡಿಮೆ ಹಾಕುವುದರಲ್ಲಿ ಅಲ್ಲ.

450 ಚದರಡಿಗೆ 5 ಇಂಚಿನ ಸ್ಲ್ಯಾಬ್ ಎಂದರೆ 5.3 ಘನ ಮೀಟರ್: ಸಿಮೆಂಟು ಸುಮಾರು 42 ಗೋಣಿ, ಕಬ್ಬಿಣ 420 ಕಿಲೋ ಆಸುಪಾಸು. ಒಂದು ಗೋಣಿಗೆ ನೀರು 25 ಲೀಟರಿನೊಳಗೆ. ಸುಲಭವಾಗಿ ಹರಿಯಲಿ ಎಂದು ಇನ್ನೊಂದು ಬಕೆಟು ಸುರಿಯುವುದೇ ಹೆಚ್ಚಿನ ತಾರಸಿಗಳು ಸೋರಲು ಕಾರಣ. ಸ್ಲ್ಯಾಬಿನ ಮೇಲೆ ಹತ್ತು ದಿನ ನೀರು ನಿಂತಿರುವ ಹಾಗೆ ನೋಡಿಕೊಳ್ಳಿ. ರೈಲಿಗೆ ಹೋಗುವ ಮೊದಲು ಅರ್ಧ ಗಂಟೆ, ಬಂದ ಮೇಲೆ ಅರ್ಧ ಗಂಟೆ. ಮನೆಯವರ ಕೈಯಿಂದ ಆಗುವ ಕೆಲಸಗಳಲ್ಲಿ ಇದಕ್ಕಿಂತ ಬೆಲೆಯಿರುವುದು ಬೇರೆ ಇಲ್ಲ.

ಕಣಿಪುರ ಬಡಗು:

ತುಂಬ ಉಪಕಾರ. ಹಾಗಾದರೆ ಎಲ್ಲ ಬಂದು ನಿಲ್ಲುವುದು ಕುಟುಂಬದ ಜಾಗದ ಮೇಲೆ. ಪಾಲಾಗದ 40 ಸೆಂಟ್ಸ್, ಬೈಲಿನ ಬದಿ, ಈಗ ಅಡಿಕೆ ತೋಟ, ಆದರೆ ತೀರುವೆ (ಭೂಕಂದಾಯ) ರಶೀದಿಯಲ್ಲಿ ನಿಲಂ, ಅಂದರೆ ಗದ್ದೆ, ಎಂದು ಇದ್ದರೆ? ಅದರಲ್ಲಿ ಹತ್ತು ಸೆಂಟ್ಸ್ ಪಾಲು ಪಡೆದು ಕಟ್ಟಬಹುದಾ? ಮತ್ತೆ, ಪಂಚಾಂಗ ಈ ಬೇಸಗೆಯಲ್ಲೇ ಹಾಕಬೇಕಾದರೆ?

ಪಯಸ್ವಿನಿ:

ಮೊದಲು ಪಾಲು, ಆಮೇಲೆ ಉಳಿದದ್ದು ಎಂದು ಎಲ್ಲರೂ ಹೊರಡುತ್ತಾರೆ. ಆದರೆ ಮೊದಲು ಕೃಷಿಭವನಕ್ಕೆ ಹೋಗಿ ಆ ಸರ್ವೆ ನಂಬ್ರ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರಕಾರಿ ಪಟ್ಟಿಯಲ್ಲಿ) ಉಂಟಾ ಎಂದು ನೋಡಿ. ಅಡಿಕೆ ಗಿಡಕ್ಕೆ ನಲುವತ್ತು ವರ್ಷ ಆಗಿದ್ದರೂ ಗದ್ದೆ ಉಳಿಸುವ 2008ರ ಕೇರಳ ಕಾಯ್ದೆಯ ಪಟ್ಟಿಯಲ್ಲಿ ಗದ್ದೆ ಎಂದೇ ಉಳಿದಿರಬಹುದು. ಉಂಟೆಂದಾದರೆ ತೆಗೆಸಲು ಫಾರಂ 5. ಅಲ್ಲಿಂದ ತೆಗೆದ ಮೇಲೆ, ಅಥವಾ ಮೊದಲೇ ಇಲ್ಲವಾದರೆ, ದಾಖಲೆಯಲ್ಲಿ ಜಾಗದ ಸ್ವಭಾವ ಬದಲಾವಣೆಗೆ ಫಾರಂ 6. ಎರಡೂ ಆನ್‌ಲೈನಿನಲ್ಲೇ. 2008ಕ್ಕಿಂತ ಮೊದಲೇ ತೋಟ ಆಗಿತ್ತೆಂದು ತೋರಿಸಲು ಉಪಗ್ರಹ ಚಿತ್ರದ ವರದಿ ಕೇಳಬಹುದು, ಹಳೆಯ ಗಿಡಗಳ ಪ್ರಾಯವೂ ಸಾಕ್ಷಿ.

25 ಸೆಂಟ್ಸಿನ ತನಕ ಬದಲಾವಣೆ ಶುಲ್ಕ ಇಲ್ಲ ಎಂಬುದನ್ನು ನಂಬಿ ಪಾಲು ಮಾಡಿದವರು ಅನೇಕರು ಎಡವಿದ್ದಾರೆ. 2017ರ ಡಿಸೆಂಬರ್ 30ಕ್ಕೆ ಆ ಜಾಗ ಅಷ್ಟೇ ಇದ್ದಿರಬೇಕು. 40 ಸೆಂಟ್ಸನ್ನು ಈಗ ತುಂಡರಿಸಿ ಹತ್ತು ಮಾಡಿದರೆ ಆ ವಿನಾಯಿತಿ ಬರುವುದಿಲ್ಲ, ನ್ಯಾಯಬೆಲೆಯ ಶೇ. 10ರ ಲೆಕ್ಕ ಬೀಳುತ್ತದೆ. ಅದನ್ನು ಯಾರು ಕಟ್ಟುವುದು ಎಂದು ಪಾಲುಪಟ್ಟಿ ಬರೆಯುವ ಮೊದಲೇ ಅಣ್ಣ ತಮ್ಮ ಅಕ್ಕ ತಂಗಿ ಕೂತು ಮಾತಾಡಿ. ಅಕ್ಕ ತಂಗಿಯರ ಸಹಿ ಬೇಡ ಎಂಬ ಹಳೆಯ ಮಾತು ನಡೆಯುವುದಿಲ್ಲ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬವಾದರೆ ಇನ್ನೂ ಜಾಗ್ರತೆ: 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದಾಗಿದೆ, ಆ ದಿನ ಇದ್ದ ಪ್ರತಿಯೊಬ್ಬ ಸದಸ್ಯರ ಪಾಲಿನ ವಾರಸುದಾರರನ್ನು ಹುಡುಕಬೇಕಾಗುತ್ತದೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರಿಂದ ಮುಖ್ತಿಯಾರು (ಅಧಿಕಾರ ಪತ್ರ) ಬರಲು ತಿಂಗಳುಗಳು ಹಿಡಿಯುತ್ತವೆ. ಹಳೆಯ ಆಧಾರಗಳು ಕನ್ನಡದಲ್ಲಿದ್ದು, ಬ್ಯಾಂಕಿನ ವಕೀಲರಿಗೆ ಕನ್ನಡ ಬಾರದಿದ್ದರೆ ಅನುವಾದ ಮಾಡಿಸಿ ದೃಢೀಕರಿಸಿ ಇಟ್ಟುಕೊಳ್ಳಿ.

ಈ ಬೇಸಗೆಯಲ್ಲಿ ಎಂದರೆ, ಆದೇಶ ಕೈಗೆ ಬಾರದೆ ಆ ಜಾಗಕ್ಕೆ ಒಂದು ಲೋಡು ಮಣ್ಣನ್ನೂ ಹಾಕಬೇಡಿ. ವಿಲೇಜ್ ಆಫೀಸಿನಿಂದ ತಡೆ ಬಂದರೆ ಅರ್ಜಿಯೂ ಅಲ್ಲೇ ನಿಲ್ಲುತ್ತದೆ.

ಮುರಕಲ್ಲು:

ಬೈಲಿನ ಬದಿಯಾದರೆ ಇನ್ನೊಂದು. ಆದೇಶ ಬಂದ ಮೇಲೆ, ಮಾರ್ಚಿನಲ್ಲಿ, ಕಂಬ ಬರುವ ಎರಡು ಮೂಲೆಯಲ್ಲಿ ಆರಡಿ ಗುಂಡಿ ತೋಡಿ ನೋಡಿ. ಕಪ್ಪು ಕೆಸರು ಮಣ್ಣು ಸಿಕ್ಕಿದರೆ ಸಾದಾ ಕಲ್ಲಿನ ಪಂಚಾಂಗ ಆಗದು, ಎಂಜಿನಿಯರಿಗೆ ತೋರಿಸಿ. ಮುರ (ಗಟ್ಟಿ ಕೆಂಪು ನೆಲ) ಸಿಕ್ಕಿದರೆ ಏಪ್ರಿಲಿನಲ್ಲಿ ಕೆಲಸ ಹಿಡಿದು ಪತ್ತನಾಜೆಯೊಳಗೆ (ಮೇ ಕೊನೆಯೊಳಗೆ) ಬೆಲ್ಟು ಮುಗಿಸಿ, ಒಳಗೆ ಮಣ್ಣು ತುಂಬಿ ಮಳೆಗೆ ಬಿಡಿ. ಕುಸಿಯುವುದೆಲ್ಲ ಆ ನಾಲ್ಕು ತಿಂಗಳಲ್ಲಿ ಕುಸಿಯುತ್ತದೆ. ನವೆಂಬರಿನಲ್ಲಿ ತಗ್ಗಾದಲ್ಲಿ ಮತ್ತೆ ತುಂಬಿ, ದಮಾಸು ಮಾಡಿ (ಬಡಿದು ಗಟ್ಟಿಮಾಡಿ), ಗೋಡೆ ಎಬ್ಬಿಸಿ.